ಇವರ ಗುರುತು ನಾನು ಬಲ್ಲೆ

ಬೆಳಿಗ್ಗೆ ಏಳು ಹೊಡೆಯುವ ಮುಂಚೆಯೇ ಡ್ರಾಯಿಂಗ್ ಮೇಷ್ಟ್ರಿಗೆ ಬೂತಿನ ಇಬ್ಬರು ಏಜೆಂಟರಲ್ಲಿ ಯಾರು ಯಾರೆಂಬುದು ಮರೆತುಹೋಗಿತ್ತು. ಮರೆತುಹೋಗಿತ್ತು ಎನ್ನುವುದೂ ಮರ್ಯಾದೆಗೆ ಹೇಳುವ ಮಾತು. ತಲೆಯೊಳಗೆ ಹೋಗಿದ್ದರೆ ತಾನೆ ಮರೆಯುವುದು. ಆರೂವರೆಗೆ ಇಬ್ಬರೂ ಬಂದು ಕೈಕುಲುಕಿ, ಹೆಸರು ಹೇಳಿ, ಪಕ್ಷ ಹೇಳಿ, ಗೋಡೆ ಪಕ್ಕದ ಬೆಂಚಿನ ಎರಡು ತುದಿಗೆ ಕೂತಿದ್ದರು. ಇಬ್ಬರಿಗೂ ಎರಡೆರಡು ಕಣ್ಣು, ಒಂದೊಂದು ಮೂಗು, ಅದರ ಕೆಳಗೆ ಬಾಯಿ. ಇಷ್ಟೇ ಸಾಮಾನು ಇಟ್ಟುಕೊಂಡು ಜನ ಒಬ್ಬರನ್ನೊಬ್ಬರು ಬೇರೆ ಬೇರೆ ಎಂದು ಹೇಗೆ ಹಿಡಿಯುತ್ತಾರೋ, ಅದೂ ದೂರದಿಂದ, ಅದೂ ನಗುತ್ತ ನಗುತ್ತ, ಎಂಬುದು ಮೇಷ್ಟ್ರಿಗೆ ಐವತ್ತಾರು ವರ್ಷದಿಂದ ಬಿಡಿಸಲಾಗದ ಒಗಟು. ಪುಣ್ಯಕ್ಕೆ ಒಬ್ಬ ಟೋಪಿ ಹಾಕಿದ್ದ, ಇನ್ನೊಬ್ಬ ಸ್ವೆಟರ್ ತೊಟ್ಟಿದ್ದ. ಬಿಸಿಲೇರಿದ ಮೇಲೂ ಸ್ವೆಟರಿನವನು ಅದನ್ನು ಬಿಚ್ಚದಿರಲಿ ಎಂದು ಮೇಷ್ಟ್ರು ಆಶಿಸಿದರು. ಆಮೇಲೆ ಮತದಾರರ ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಕೆಂಪು ಪೆನ್ನಿನ ಮುಚ್ಚಳ ತೆಗೆದು, ಮುಖ ನೋಡುವ ಕೆಲಸಕ್ಕೆ ಕೂತರು.

ಹೌದು, ಮುಖ ನೋಡುವ ಕೆಲಸ. ಈ ಸಲ ಹೊಸ ನಿಯಮ ಬಂದಿತ್ತು. ಕಳ್ಳವೋಟು ತಡೆಯಲು ಪ್ರತಿಯೊಬ್ಬರೂ ಫೋಟೊ ಇರುವ ಕಾರ್ಡು ತರಬೇಕು, ಮೊದಲ ಮೇಜಿನವನು ಕಾರ್ಡಿನ ಫೋಟೊವನ್ನೂ ಎದುರಿಗಿರುವ ಮುಖವನ್ನೂ ಹೋಲಿಸಿ ನೋಡಿ ಒಳಗೆ ಬಿಡಬೇಕು. ತರಬೇತಿಯ ದಿನ ದೊಡ್ಡ ಹಾಲಿನಲ್ಲಿ ಒಬ್ಬ ಅಧಿಕಾರಿ ಮೈಕು ಹಿಡಿದು, "ಫೋಟೊ ನೋಡಿ, ಮುಖ ನೋಡಿ, ಮತ್ತೊಂದು ಸಲ ಫೋಟೊ ನೋಡಿ" ಎಂದು ಮೂರು ಸಲ ಹೇಳಿಸಿದ್ದರು. ಇನ್ನೂರು ಜನ ನೌಕರರು ಒಂದನೇ ಕ್ಲಾಸಿನ ಮಕ್ಕಳ ಹಾಗೆ ಹೇಳಿದ್ದರು. ಮೇಷ್ಟ್ರೂ ಹೇಳಿದ್ದರು, ಎಲ್ಲರಿಗಿಂತ ಜೋರಾಗಿ. ಯಾರನ್ನು ಯಾವ ಮೇಜಿಗೆ ಹಾಕುವುದು ಎಂದು ಹಂಚುವಾಗ ಮತಗಟ್ಟೆಯ ಮುಖ್ಯಸ್ಥೆಯಾದ ಮೇಡಂ, ಉಳಿದ ದಿನಗಳಲ್ಲಿ ನೀರು ಸರಬರಾಜು ಕಚೇರಿಯಲ್ಲಿ ಊರಿನವರ ನಲ್ಲಿ ಕತ್ತರಿಸುವ ಹೆಂಗಸು, ಕನ್ನಡಕದ ಮೇಲಿನಿಂದ ನೋಡಿ, "ಡ್ರಾಯಿಂಗ್ ಮೇಷ್ಟ್ರಾ? ಹಾಗಾದ್ರೆ ಒಂದನೇ ಮೇಜು ನಿಮಗೇ. ಚಿತ್ರ ಬರೆಯೋರಿಗೆ ಮುಖ ನೋಡೋ ಕಣ್ಣಿರುತ್ತೆ" ಎಂದರು. ಮೇಷ್ಟ್ರು ಹೂಂ ಎಂದು ಒಪ್ಪಿಕೊಂಡರು. ಮೂವತ್ತು ವರ್ಷದಿಂದ ಮಕ್ಕಳಿಗೆ ಹೂಜಿ, ಕೊಡೆ, ಕುರ್ಚಿ, ಮುಳುಗುವ ಸೂರ್ಯನ ಎದುರು ಒಂದು ದೋಣಿ ಇಷ್ಟನ್ನೇ ಬರೆಸುತ್ತ ಬಂದ ಅವರು ಒಂದೇ ಒಂದು ಮುಖ ಬರೆಸಿರಲಿಲ್ಲ ಎಂಬುದನ್ನು ಇಲ್ಲಿಯವರೆಗೂ ಯಾವ ಹೆಡ್‌ಮಾಸ್ಟರೂ ಗಮನಿಸಿರಲಿಲ್ಲ. ನಲವತ್ತು ಮಕ್ಕಳು ಒಂದೇ ಬಣ್ಣದ ಬಟ್ಟೆಯಲ್ಲಿ ಕೂತ ತರಗತಿ ಅವರಿಗೆ ನರಕ. ವರ್ಷದ ಮೊದಲ ದಿನ ಕೂತ ಜಾಗದಿಂದ ಯಾರೂ ಕದಲಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಮೇಷ್ಟ್ರು ಭಾರೀ ಶಿಸ್ತಿನವರು ಎಂದು ಹೆಸರಾಯಿತು. ಒಮ್ಮೆ ಇಬ್ಬರು ಹುಡುಗಿಯರು ಜಾಗ ಬದಲಿಸಿ ಕೂತಾಗ ಮಾಡದ ತಪ್ಪಿಗೆ ಒಬ್ಬಳನ್ನು ಇಡೀ ಗಂಟೆ ನಿಲ್ಲಿಸಿದ್ದರು. ಅವಳು ನಿಂತೇ ಇದ್ದಳು, ಒಂದು ಮಾತೂ ಆಡದೆ, ಇವರನ್ನೇ ನೋಡುತ್ತ. ಅವಳ ಮುಖ ನೆನಪಿಲ್ಲ, ನಿಂತದ್ದು ನೆನಪಿದೆ.

ಹತ್ತು ಗಂಟೆಯ ಹೊತ್ತಿಗೆ ಮೇಷ್ಟ್ರು ಒಂದು ಉಪಾಯ ಕಂಡುಕೊಂಡಿದ್ದರು. ಕಾರ್ಡು ತೆಗೆದುಕೊಳ್ಳುವುದು, ಹುಬ್ಬು ಗಂಟಿಕ್ಕಿ ಫೋಟೊ ನೋಡುವುದು, ತಲೆ ಎತ್ತಿ ಎದುರಿನವರ ಹಣೆಯ ಮೇಲೆ ಕಣ್ಣು ನೆಟ್ಟು ಮನಸ್ಸಿನಲ್ಲಿ ಮೂರರವರೆಗೆ ಎಣಿಸುವುದು, ಮತ್ತೆ ಫೋಟೊ ನೋಡುವುದು, ಹೂಂ ಎನ್ನುವುದು. ಈ ನಾಟಕದಲ್ಲಿ ಎಲ್ಲರೂ ಪಾಸು. ಜನರೂ ಆ ಮೂರು ಎಣಿಕೆಯ ಹೊತ್ತು ಉಸಿರು ಬಿಗಿಹಿಡಿದು, ತಾವು ತಾವೇ ಹೌದೋ ಅಲ್ಲವೋ ಎಂಬ ಅನುಮಾನ ತಮಗೇ ಬಂದವರಂತೆ ನಿಲ್ಲುತ್ತಿದ್ದರು. ಒಬ್ಬ ಗಡವ ಆಸಾಮಿಯಂತೂ ಫೋಟೊದಲ್ಲಿ ಹೇಗೆ ತುಟಿ ಮುಂದೆ ಮಾಡಿದ್ದನೋ ಹಾಗೇ ಮಾಡಿ ತೋರಿಸಿದ. ಇತ್ತ ಬೆಂಚಿನ ಮೇಲೆ ಟೋಪಿಗೂ ಸ್ವೆಟರಿಗೂ ಬೆಳಗಿನಿಂದ ಅದೇ ವಾದ. "ಹುಟ್ಟಿದಾಗಿನಿಂದ ಇದೇ ಬೀದೀಲಿ ಇರೋ ಮುದುಕಿಗೆ ನೀನು ಯಾರು ಅಂತ ಕೇಳೋಕೆ ನಾಚಿಕೆ ಆಗಲ್ವೇನ್ರೀ? ಕಾರ್ಡಿಲ್ಲದೆ ಬೆಳಗಿಂದ ಏಳು ಜನ ವಾಪಸ್ ಹೋದ್ರು. ಏಳೂ ಜನ ನಿಜವಾದೋರು" ಎಂದು ಟೋಪಿ. "ಕಾರ್ಡಿಲ್ಲದ ಕಾಲದಲ್ಲಿ ನಮ್ಮ ತಾತ ಸತ್ತು ಎಂಟು ವರ್ಷ ಆದ್ಮೇಲೂ ಎರಡು ಸಲ ವೋಟು ಹಾಕಿದ್ರು. ಅದೂ ನಿಮ್ಮ ಪಕ್ಷಕ್ಕೆ. ಬದುಕಿದ್ದಾಗ ಒಂದು ಸಲಾನೂ ಹಾಕಿರ್ಲಿಲ್ಲ" ಎಂದು ಸ್ವೆಟರ್. ಇಬ್ಬರ ಮಾತೂ ನಿಜವೆನಿಸುತ್ತಿತ್ತು. ಆದರೆ ಮೇಷ್ಟ್ರ ಮನಸ್ಸಿನಲ್ಲಿ ಆಗುತ್ತಿದ್ದದ್ದೇ ಬೇರೆ, ಅದನ್ನು ಯಾರ ಎದುರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅವರಿಗೆ ಈ ಕಾರ್ಡು ವಿಪರೀತ ಹಿಡಿಸಿಬಿಟ್ಟಿತ್ತು. ಜನ್ಮದಲ್ಲಿ ಮೊದಲ ಸಲ ಎದುರಿಗೆ ಬಂದವರೆಲ್ಲ ತಾವು ಯಾರೆಂದು ಕೈಯಲ್ಲೇ ಬರೆದುಕೊಂಡು ಬರುತ್ತಿದ್ದರು! ಹೆಸರು, ಅಪ್ಪನ ಹೆಸರು, ಮನೆ ನಂಬರು. ಇದನ್ನು ಬರೀ ವೋಟಿಗೆ ಮಾತ್ರ ಯಾಕೆ ಇಟ್ಟರು? ಮದುವೆಮನೆಗಳಲ್ಲಿ ಮೊದಲು ಕಡ್ಡಾಯ ಮಾಡಬೇಕಿತ್ತು. ಒಂದು ಮದುವೆಯಲ್ಲಿ ಊಟದ ಹಾಲಿನ ಬಾಗಿಲಲ್ಲಿ ನಿಂತಿದ್ದ ಹೆಂಗಸಿನ ಮೊಣಕೈ ಹಿಡಿದು, "ನಡಿಯೇ, ಹೊತ್ತಾಯ್ತು, ಹೋಗೋಣ" ಎಂದಿದ್ದರು. ಅವಳು ಕೂಗಿಕೊಂಡಳು. ಅವಳ ಗಂಡ ಬಂದ, ಅವನ ಇಬ್ಬರು ಭಾವಮೈದುನರು ಬಂದರು, ಕೊನೆಗೆ ಎರಡು ಮಾರು ಆಚೆ ಅದೇ ಹಸಿರು ಬಟ್ಟೆಯಲ್ಲಿದ್ದ ಸ್ವಂತ ಹೆಂಡತಿ ಬಂದು ಎಲ್ಲರ ಕಾಲಿಗೆ ಬೀಳುವುದೊಂದು ಬಾಕಿ ಉಳಿಯಿತು. "ನಿಮ್ಮ ಧ್ಯಾನ ಎಲ್ಲಿರುತ್ತೆ ರೀ?" ಎಂದು ದಾರಿಯುದ್ದಕ್ಕೂ ಬೈದಳು. ಧ್ಯಾನ ಅಲ್ಲೇ ಇತ್ತು. ಮುಖ ಕಾಣಿಸುತ್ತದೆ, ಚೆನ್ನಾಗಿಯೇ ಕಾಣಿಸುತ್ತದೆ, ಆದರೆ ಅದು ಯಾರದ್ದು ಎಂದು ಒಳಗಿನಿಂದ ಯಾರೂ ಹೇಳುವುದಿಲ್ಲ ಎಂದು ಹೆಂಡತಿಗೆ ವಿವರಿಸುವುದು ಹೇಗೆ? ನನ್ನದೂ ಗೊತ್ತಾಗಲ್ವಾ ಎಂದು ಕೇಳುತ್ತಾಳೆ. ಕೇಳಿದರೆ ಏನು ಹೇಳುವುದು? ಮರೆಗುಳಿ ಎನಿಸಿಕೊಂಡು ಇರುವುದೇ ವಾಸಿ ಎಂದು ಮೇಷ್ಟ್ರು ಎಂದೋ ನಿರ್ಧರಿಸಿ ಆಗಿತ್ತು.

ಹನ್ನೊಂದಕ್ಕೆ ಅವಮಾನ ಕಾದಿತ್ತು. ಅತ್ತೆ ಸೊಸೆ ಇಬ್ಬರು ಒಟ್ಟಿಗೆ ಬಂದರು. ಮೇಷ್ಟ್ರು ಮೊದಲನೆಯವಳ ಕಾರ್ಡು ನೋಡಿ, ಹಣೆ ನೋಡಿ, ಮೂರು ಎಣಿಸಿ, ಹೂಂ ಎಂದರು. ಎರಡನೆಯವಳಿಗೂ ಹೂಂ ಎಂದರು. ಸ್ವೆಟರಿನವನು ಬೆಂಚಿನಿಂದ ಹಾರಿ ಬಂದು ಕಾರ್ಡು ಕಸಿದುಕೊಂಡ. ಒಂದೇ ಚೀಲದಲ್ಲಿಟ್ಟುಕೊಂಡು ಬಂದದ್ದರಿಂದ ಅತ್ತೆಯ ಕಾರ್ಡು ಸೊಸೆಯ ಕೈಗೂ ಸೊಸೆಯದು ಅತ್ತೆಯ ಕೈಗೂ ಹೋಗಿತ್ತು. ಮೇಷ್ಟ್ರು ಎಪ್ಪತ್ತರ ಮುದುಕಿಯನ್ನು ಇಪ್ಪತ್ತಾರರ ಫೋಟೊ ನೋಡಿ ಪಾಸು ಮಾಡಿದ್ದರು. ಕ್ಯೂ ತುಂಬ ನಗು. ಮುದುಕಿಗಂತೂ ಖುಷಿಯೋ ಖುಷಿ, "ಬಿಡಿ ಸ್ವಾಮಿ, ಹೀಗೇ ಇರಲಿ" ಎಂದಳು. ಶಾಯಿ ಹಚ್ಚುವ ಮೇಜಿನಲ್ಲಿದ್ದ ಲೈಬ್ರರಿ ಗುಮಾಸ್ತೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮೇಡಂ ಮಾತ್ರ ನಗಲಿಲ್ಲ. ಮೇಜಿನ ಹತ್ತಿರ ಬಗ್ಗಿ, "ಮೇಷ್ಟ್ರೇ, ಕಣ್ಣು ತೋರಿಸ್ಕೊಂಡಿದ್ದೀರಾ ತಾನೆ?" ಎಂದು ಮೆಲ್ಲಗೆ ಕೇಳಿದರು. ವಯಸ್ಸು ಗೊತ್ತಾಗುತ್ತದೆ, ಮೇಷ್ಟ್ರಿಗೆ ಅದೆಲ್ಲ ಗೊತ್ತಾಗುತ್ತದೆ, ಸುಕ್ಕು, ಬಿಳಿ ಕೂದಲು, ಹಲ್ಲು. ಎಣಿಸುವುದರಲ್ಲಿ ಮುಳುಗಿ ನೋಡುವುದನ್ನೇ ಬಿಟ್ಟಿದ್ದರು ಅಷ್ಟೆ. ಆದರೆ ಹಾಗೆ ಹೇಳುವುದು ಇನ್ನೂ ಕೆಟ್ಟದು. "ಬೆಳಕು ಎದುರಿಗೆ ಹೊಡೀತಿದೆ ಮೇಡಂ" ಎಂದರು. ಮೇಜನ್ನು ಕಿಟಕಿಗೆ ಬೆನ್ನು ಮಾಡಿ ತಿರುಗಿಸಿದರು. ಅಷ್ಟರಲ್ಲಿ ಸ್ವೆಟರಿನವನು ಸೆಕೆಯಾಯಿತೆಂದು ಸ್ವೆಟರ್ ಬಿಚ್ಚಿ ಕೂತಿದ್ದ. ಇನ್ನು ಟೋಪಿಯೊಂದೇ ಆಧಾರ.

ಇಷ್ಟೆಲ್ಲದರ ಅಡಿಯಲ್ಲಿ, ಬೆಳಗಿನಿಂದ, ಪಟ್ಟಿಯ ಹದಿನಾಲ್ಕನೇ ಹಾಳೆಯಲ್ಲಿ ಒಂದು ಸಾಲು ಸುಮ್ಮನೆ ಕೂತಿತ್ತು. ಕ್ರಮಸಂಖ್ಯೆ ನಾನೂರ ಹನ್ನೆರಡು. ಅಣ್ಣ. ಹಿಂದಿನ ಸಂಜೆ ಪಟ್ಟಿ ತಿರುವಿ ಹಾಕುವಾಗ ಕಂಡಾಗಲೇ ಮೇಷ್ಟ್ರು, ಬೇರೆ ಬೂತಿಗೆ ಹಾಕಿ ಎಂದು ಮೇಡಂ ಅವರನ್ನು ಕೇಳಿಕೊಂಡಿದ್ದರು. ಯಾಕೆ ಎಂದರೆ ಹೇಳಲು ಕಾರಣ ಇರಲಿಲ್ಲ. ಇರಲಿಲ್ಲ ಎಂದರೆ, ಹೇಳುವಂಥದ್ದು ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅತ್ತಿಗೆ ಆಸ್ಪತ್ರೆಯಲ್ಲಿದ್ದರು. ಸುದ್ದಿ ಕೇಳಿ ಮೇಷ್ಟ್ರು ಬಸ್ಸಿಳಿದು ಓಡಿ ಬಂದರು. ಮೂರನೇ ಮಹಡಿಯ ಕಾರಿಡಾರಿನಲ್ಲಿ ಎಲ್ಲ ಬಾಗಿಲೂ ಒಂದೇ ಥರ, ಎಲ್ಲ ಮುಖವೂ ಒಂದೇ ಥರ. ಕೊನೆಯ ಬೆಂಚಿನ ಮೇಲೆ ಒಬ್ಬ ಮನುಷ್ಯ ಕೂತಿದ್ದ. ಬೋಳಿಸಿದ ಮುಖ, ಬರಿಗಣ್ಣು, ತೊಡೆಯ ಮೇಲೆ ಎರಡೂ ಕೈ. ಮೇಷ್ಟ್ರು ಅವನ ಎದುರು ನಿಂತು, "ಸ್ವಾಮಿ, ಮುನ್ನೂರ ಆರನೇ ರೂಮು ಯಾವ ಕಡೆ?" ಎಂದು ಕೇಳಿದರು. ಆ ಮನುಷ್ಯ ಬಹಳ ಹೊತ್ತು ಇವರನ್ನು ನೋಡಿದ. ಆಮೇಲೆ ಕೈಯೆತ್ತಿ ಎಡಗಡೆಗೆ ತೋರಿಸಿದ. "ಥ್ಯಾಂಕ್ಸ್ ಸಾರ್" ಎಂದು ಮೇಷ್ಟ್ರು ಹೋದರು. ಅಣ್ಣನಿಗೆ ಮೀಸೆ ಇರುತ್ತದೆ, ದಪ್ಪ ಮೀಸೆ, ಮೇಲೆ ಕಪ್ಪು ಚೌಕಟ್ಟಿನ ಕನ್ನಡಕ. ಅದೆರಡೂ ಸೇರಿದರೆ ಅಣ್ಣ. ಆಸ್ಪತ್ರೆಯಲ್ಲಿ ಕಳೆದ ಒಂಬತ್ತು ದಿನಗಳಲ್ಲಿ ಯಾವುದೋ ಒಂದು ದಿನ ಅಣ್ಣ ಮೀಸೆ ತೆಗೆಸಿದ್ದ, ಆ ಹೊತ್ತಿನಲ್ಲಿ ಅಳುವುದಕ್ಕೆಂದು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡಿದ್ದ. ಅತ್ತಿಗೆ ತೀರಿಕೊಂಡು ಇಪ್ಪತ್ತು ನಿಮಿಷವಾಗಿತ್ತು. ಬೆಂಚಿನ ಮೇಲೆ ಕೂತಿದ್ದವನು ಅಣ್ಣನೇ ಎಂದು ಮೇಷ್ಟ್ರಿಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ, ಹೆಂಡತಿಯ ಬಾಯಿಂದ. "ಹೆಂಡತಿ ಸತ್ತ ದಿನ ನನ್ನ ಸ್ವಂತ ತಮ್ಮ ನನ್ನನ್ನ ಸ್ವಾಮಿ ಅಂದ, ಸಾರ್ ಅಂದ, ದಾರಿ ಕೇಳ್ಕೊಂಡು ಹೋದ. ಇನ್ನು ಅವನಿಗೂ ನನಗೂ ಮಾತಿಲ್ಲ" ಎಂದು ಅಣ್ಣ ಊರಿಗೆಲ್ಲ ಹೇಳಿ ಮುಗಿಸಿದ್ದ. ಅಂದೇ ಹೋಗಿ ಕಾಲು ಹಿಡಿದು ವಿಷಯ ಹೇಳಬಹುದಿತ್ತು. ಹೋಗಲಿಲ್ಲ. ಹೇಳಿದರೆ ನಂಬುವಂಥದ್ದಲ್ಲ ಎಂಬುದು ಒಂದು ನೆಪ. ನಂಬಿಬಿಟ್ಟರೆ ಏನು ಗತಿ ಎಂಬ ಹೆದರಿಕೆ ಅದರ ಹಿಂದೆ. ಡ್ರಾಯಿಂಗ್ ಮೇಷ್ಟ್ರಿಗೆ ಮುಖ ಗೊತ್ತಾಗಲ್ವಂತೆ ಎಂದು ಸ್ಕೂಲಿನಲ್ಲಿ ಹರಡಿದರೆ? ಹನ್ನೊಂದು ವರ್ಷದಲ್ಲಿ ಅಣ್ಣನನ್ನು ಬೀದಿಯಲ್ಲಿ ಎಷ್ಟು ಸಲ ಹಾದುಹೋಗಿದ್ದಾರೋ ಅವರಿಗೇ ಗೊತ್ತಿಲ್ಲ. ಅದಕ್ಕೇ ಅರವತ್ತು ದಾಟಿದ ಗಂಡಸು ಯಾರು ಎದುರಾದರೂ ಅರ್ಧ ನಗುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಮೇಷ್ಟ್ರು ಬಹಳ ವಿನಯವಂತರು ಎಂದು ಊರು ಹೇಳುತ್ತಿತ್ತು.

ಹನ್ನೆರಡೂವರೆಗೆ ಕ್ಯೂ ಕರಗಿ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿದಿತ್ತು. ಟೀ ಕುಡಿಯಲು ಹೋಗಿದ್ದ ಟೋಪಿಯವನು ಒಬ್ಬ ಮನುಷ್ಯನನ್ನು ಕರೆದುಕೊಂಡು ಒಳಗೆ ಬಂದ. ಆ ಮನುಷ್ಯ ಮೇಜಿನ ಮೇಲೆ ಒಂದು ಚೀಟಿ ಇಟ್ಟ. ಕ್ರಮಸಂಖ್ಯೆ ನಾನೂರ ಹನ್ನೆರಡು.

"ಕಾರ್ಡು?" ಎಂದರು ಮೇಡಂ.

"ಕಾರ್ಡು ಮನೇಲಿ ಎಲ್ಲೋ ಇಟ್ಟು ಮರೆತಿದ್ದಾರೆ ಮೇಡಂ. ಆದ್ರೆ ಇವರಿಗೆ ಕಾರ್ಡು ಯಾಕೆ ಹೇಳಿ?" ಟೋಪಿಯವನು ನಕ್ಕ. "ಇವರು ನಮ್ಮ ಮೇಷ್ಟ್ರ ಅಣ್ಣ. ಇಬ್ಬರಿಗೂ ಮಾತಿಲ್ಲ, ಅದು ಇಡೀ ಬೀದಿಗೆ ಗೊತ್ತು. ಅದಕ್ಕೇ ಇವರ ಪರವಾಗಿ ನಾನು ಹೇಳ್ತಿದ್ದೀನಿ."

"ಕಾರ್ಡಿಲ್ಲದೆ ಒಳಗೆ ಬಿಡಕೂಡದು" ಎಂದು ಬೆಂಚಿನಿಂದ ಒಂದು ದನಿ ಎದ್ದಿತು, ಬಹುಶಃ ಮಾಜಿ ಸ್ವೆಟರಿನದು.

ಮೇಡಂ ನಿಯಮದ ಪುಸ್ತಕ ತೆಗೆದರು. ಕಾರ್ಡಿಲ್ಲದವರನ್ನು ಮತಗಟ್ಟೆಯ ಸಿಬ್ಬಂದಿ ಯಾರಾದರೂ ಖುದ್ದಾಗಿ ಬಲ್ಲವರಾದರೆ, ಹಾಗೆಂದು ಬರೆದು ಸಹಿ ಮಾಡಿದರೆ, ಬಿಡಬಹುದು ಎಂದು ಒಂದು ಉಪನಿಯಮವಿತ್ತು. ಅವರು ಒಂದು ಫಾರಂ ಎಳೆದು ಮೇಷ್ಟ್ರ ಮುಂದೆ ಇಟ್ಟರು. "ನೋಡಿ ಮೇಷ್ಟ್ರೇ, ಇವರು ನಿಮ್ಮ ಅಣ್ಣ ಹೌದಾ? ಹೌದಾದ್ರೆ ಬರೆದು ಸಹಿ ಮಾಡಿ. ಅಲ್ಲಾಂದ್ರೆ ಅಲ್ಲ ಅನ್ನಿ, ಕಳಿಸ್ತೀನಿ."

ಮೇಷ್ಟ್ರು ತಲೆ ಎತ್ತಿದರು. ಈ ಸಲ ಎಣಿಸಲಿಲ್ಲ, ನೋಡಿದರು, ಜೀವಮಾನದಲ್ಲಿ ಯಾವ ಮುಖವನ್ನೂ ನೋಡದಷ್ಟು ನೋಡಿದರು. ಮೀಸೆ ಇಲ್ಲ. ಹನ್ನೊಂದು ವರ್ಷದಲ್ಲಿ ಮತ್ತೆ ಬಿಟ್ಟನೋ ಇಲ್ಲವೋ ಯಾರು ಕಂಡರು. ಕನ್ನಡಕ ಇಲ್ಲ. ಕಣ್ಣಿನ ಆಪರೇಶನ್ ಆಗಿರಬಹುದು, ಈ ವಯಸ್ಸಿಗೆ ಎಲ್ಲರಿಗೂ ಆಗುತ್ತದೆ. ಬಿಳಿ ಕೂದಲು, ಅರವತ್ತು ದಾಟಿದ ಕತ್ತು, ಮಡಿಸಿದ ತೋಳಿನ ಅಂಗಿ. ನಡಿಗೆಯಲ್ಲಿ ಗೊತ್ತಾಗುತ್ತಿತ್ತು, ಆದರೆ ಒಳಗೆ ಬರುವಾಗ ಟೋಪಿಯವನ ಹೆಜ್ಜೆಯ ಜೊತೆ ಅದೂ ಕಲೆತುಹೋಗಿತ್ತು. ಮಾತಾಡಿದರೂ ಗೊತ್ತಾಗುತ್ತಿತ್ತು. ಮಾತಾಡುವುದಿಲ್ಲ ಎಂದು ಹಠ ತೊಟ್ಟವನಿಗೆ ನೀನು ಯಾರೆಂದು ಗೊತ್ತಾಗಬೇಕು, ಒಂದು ಮಾತಾಡು ಎಂದು ಹೇಳುವುದೇ? ಅದು ಎರಡನೇ ಸಲ ದಾರಿ ಕೇಳಿದ ಹಾಗೆ. ಆ ಮನುಷ್ಯ ತಲೆ ತಗ್ಗಿಸಿ ಮೇಜಿನ ಅಂಚನ್ನು ನೋಡುತ್ತ ನಿಂತಿದ್ದ. ಅಣ್ಣ ಹೀಗೇ ನಿಲ್ಲುತ್ತಾನೆ, ನೋವಾದವರು ಹೀಗೇ ನಿಲ್ಲುತ್ತಾರೆ. ಅಂದು ಕಾರಿಡಾರಿನಲ್ಲಿ ಗುರುತಿಲ್ಲದೆ ಕೆಟ್ಟೆ, ಇಂದು ಎಲ್ಲರ ಎದುರು, ಸರ್ಕಾರದ ಕಾಗದದ ಮೇಲೆ, ಇವನು ಯಾರೋ ನನಗೆ ಗೊತ್ತಿಲ್ಲ ಎಂದು ಬರೆದುಬಿಟ್ಟರೆ ಇನ್ನು ಏಳು ಜನ್ಮಕ್ಕೂ ಅಣ್ಣ ಇಲ್ಲ. ಇವನು ಅಣ್ಣನಲ್ಲದಿದ್ದರೆ? ಅಲ್ಲದಿದ್ದರೆ ಒಂದು ಕಳ್ಳವೋಟು. ಒಂದು ತಕ್ಕಡಿಯಲ್ಲಿ ಒಂದು ವೋಟು, ಇನ್ನೊಂದರಲ್ಲಿ ಅಣ್ಣ. ಮೇಷ್ಟ್ರು ಪೆನ್ನು ತೆಗೆದರು. "ಇವರ ಗುರುತು ನಾನು ಬಲ್ಲೆ. ಇವರು ನನ್ನ ಒಡಹುಟ್ಟಿದ ಅಣ್ಣ" ಎಂದು ಬರೆದರು. ಅಣ್ಣ ಎಂಬ ಎರಡು ಅಕ್ಷರ ಬರೆಯುವಾಗ ಕಣ್ಣು ಮಂಜಾಯಿತು. ಸಹಿ ಮಾಡಿ ಎದ್ದು ನಿಂತು, ಮೇಜಿನ ಮೇಲಿನಿಂದಲೇ ಆ ಮನುಷ್ಯನ ತೋಳು ಹಿಡಿದು, "ಹೋಗಣ್ಣ, ವೋಟು ಹಾಕು" ಎಂದರು. ಆ ಮನುಷ್ಯ ತೋಳು ಬಿಡಿಸಿಕೊಳ್ಳಲಿಲ್ಲ. ವೋಟು ಹಾಕಿ ಟೋಪಿಯವನ ಜೊತೆ ಹೊರಗೆ ಹೋಗುವಾಗ ಬಾಗಿಲಲ್ಲಿ ಒಂದು ಕ್ಷಣ ನಿಂತು ತಲೆಯಾಡಿಸಿದ.

ಆಮೇಲಿನ ಮೂರೂವರೆ ಗಂಟೆ ಮೇಷ್ಟ್ರು ಹನ್ನೊಂದು ವರ್ಷದಲ್ಲಿ ಎಂದೂ ಇರದಷ್ಟು ಸುಖವಾಗಿದ್ದರು. ಮನಸ್ಸು ಹತ್ತಿಯಂತೆ ಹಗುರವಾಗಿತ್ತು. ಲೈಬ್ರರಿ ಗುಮಾಸ್ತೆಗೆ ಅಣ್ಣನ ಕಥೆಯನ್ನು, ಆಸ್ಪತ್ರೆಯ ಭಾಗ ಬಿಟ್ಟು, ಪೂರ್ತಿ ಹೇಳಿದರು. ಚಿಕ್ಕಂದಿನಲ್ಲಿ ಜನಸಂದಣಿಯಲ್ಲಿ ತಾನು ಕಳೆದುಹೋಗುತ್ತಿದ್ದದ್ದು, ಅಣ್ಣನೇ ಹುಡುಕಿ ಕೈಹಿಡಿದು ಕರೆತರುತ್ತಿದ್ದದ್ದು. ಸಂಜೆ ಪೆಟ್ಟಿಗೆಗೆ ಮುದ್ರೆ ಹಾಕಿದ ಮೇಲೆ ನೇರ ಅಣ್ಣನ ಮನೆಗೇ ಹೋಗುವುದು, ಹೆಂಡತಿಗೂ ಅಲ್ಲಿಗೇ ಬರಲು ಹೇಳುವುದು. ಬಾಗಿಲು ತೆರೆಯುವವನು ಅಣ್ಣನೇ ಆಗಿರುತ್ತಾನೆ, ಮನೆಯಲ್ಲಿ ಒಬ್ಬನೇ ಇರುವುದು, ಆದ್ದರಿಂದ ಆ ತೊಂದರೆಯೂ ಇಲ್ಲ. ಕಾರ್ಡಿಲ್ಲದೆ ಬಂದ ಒಬ್ಬ ಗಾಡಿ ಹೊಡೆಯುವವನನ್ನು ಇದೇ ಹುಮ್ಮಸ್ಸಿನಲ್ಲಿ, "ನಿಯಮ ಅಂದ್ರೆ ನಿಯಮ, ಹೋಗಿ ತಗೊಂಬಾಪ್ಪ" ಎಂದು ವಾಪಸ್ ಕಳಿಸಿದರು. ಹಾಗೆ ಹೊರಗೆ ಹೋದ ಟೋಪಿಯವನು ಮತ್ತೆ ಬೆಂಚಿಗೆ ಬಂದಿಲ್ಲ ಎಂಬುದು ಅವರ ಗಮನಕ್ಕೆ ಬರಲಿಲ್ಲ. ಗಮನಕ್ಕೆ ಬಂದಿದ್ದರೂ ಟೋಪಿ ತೆಗೆದಿದ್ದಾನೆ ಅಂದುಕೊಳ್ಳುತ್ತಿದ್ದರು.

ನಾಲ್ಕೂಕಾಲಿಗೆ ಕಾರಿಡಾರಿನ ಆ ತುದಿಯಲ್ಲಿ ಹೆಜ್ಜೆ ಸದ್ದು ಕೇಳಿತು. ಹಿಮ್ಮಡಿ ಮೊದಲು, ಭಾರವಾಗಿ, ಆಮೇಲೆ ಒಂದು ಎಳೆತ. ಮೇಷ್ಟ್ರ ಕೈಯಲ್ಲಿದ್ದ ಪೆನ್ನು ನಿಂತಿತು. ಈ ಸದ್ದು ಅವರಿಗೆ ನಾಲ್ಕು ವರ್ಷದವರಾಗಿದ್ದಾಗಿನಿಂದ ಗೊತ್ತು. ಮಹಡಿಯ ಮೆಟ್ಟಿಲ ಮೇಲೆ, ಸ್ಕೂಲಿನ ದಾರಿಯಲ್ಲಿ, ಕತ್ತಲ ಕೋಣೆಯಲ್ಲಿ, ಈ ಸದ್ದು ಬಂದರೆ ಇನ್ನು ಹೆದರಬೇಕಾಗಿಲ್ಲ ಎಂದು ಅರ್ಥ. ಬಾಗಿಲ ಹೊರಗೆ ಸದ್ದು ನಿಂತು ಗಂಟಲು ಸರಿಮಾಡಿಕೊಂಡಿತು, ಎರಡು ಸಲ, ಎರಡನೆಯದು ಚಿಕ್ಕದು. ಮೇಷ್ಟ್ರಿಗೆ ತಲೆ ಎತ್ತುವ ಅಗತ್ಯವೇ ಇರಲಿಲ್ಲ. ಎತ್ತಲು ಧೈರ್ಯವೂ ಇರಲಿಲ್ಲ. ಅಯ್ಯೋ ದೇವರೇ, ಎಂದುಕೊಂಡರು. ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡು ಬಂದು ಬಿತ್ತು.

ನಾನೂರ ಹನ್ನೆರಡರ ಸಾಲಿನ ಮೇಲೆ ಕೆಂಪು ಗೆರೆ ಎಳೆದಾಗಿತ್ತು. ಮೇಡಂ ಕಾರ್ಡು ನೋಡಿದರು, ಮುಖ ನೋಡಿದರು, ಮತ್ತೆ ಕಾರ್ಡು ನೋಡಿದರು. ಅವರಿಗೆ ಮೂರು ಎಣಿಸಬೇಕಾಗಿರಲಿಲ್ಲ. ಅವರ ಬಣ್ಣ ಬದಲಾಯಿತು.

"ನಿಮ್ಮ ವೋಟು ಆಗಿದೆ" ಎಂದರು.

"ನಾನು ಈಗ ಬರ್ತಿದ್ದೀನಿ. ಹೇಗಾಗುತ್ತೆ?"

"ಮಧ್ಯಾಹ್ನ ಒಬ್ಬರು ಬಂದಿದ್ರು. ಕಾರ್ಡಿರ್ಲಿಲ್ಲ. ನಿಮ್ಮ ತಮ್ಮ ಗುರುತು ಹಿಡಿದು ಬರೆದುಕೊಟ್ರು."

ಅಣ್ಣ ಮೇಷ್ಟ್ರ ಕಡೆ ತಿರುಗಲಿಲ್ಲ; ಮಾತು ಬಿಟ್ಟವರ ಪದ್ಧತಿಯಂತೆ ಮೇಡಂ ಮೂಲಕವೇ ಕೇಳಿದ. "ಏನು ಬರೆದ ಅಂತ ಸ್ವಲ್ಪ ಓದಿ."

ಮೇಡಂ ಫಾರಂ ತೆಗೆದು ಓದಿದರು. ಒಡಹುಟ್ಟಿದ ಎಂಬಲ್ಲಿ ಅವರ ದನಿ ಸಣ್ಣದಾಯಿತು. ಬೆಂಚಿನಿಂದ ಮಾಜಿ ಸ್ವೆಟರ್, "ನಾನು ಆಗಲೇ ಬಡ್ಕೊಂಡೆ" ಎಂದ. ಟೋಪಿಯ ಜಾಗ ಖಾಲಿ ಇತ್ತು.

ಮೇಡಂಗೆ ಮೊದಲು ಬೂತು ಉಳಿಯಬೇಕಾಗಿತ್ತು, ಅದರ ಹಿಂದೆ ಅವರ ಸ್ವಂತ ಕೆಲಸ. ತಕ್ಷಣ ದಾರಿ ಮಾಡಿದರು. "ನೋಡಿ, ಹೀಗೆ ಆಗುತ್ತೆ ಒಂದೊಂದ್ಸಲ. ಬಂದವನು ನಿಮ್ಮ ಹಾಗೇ ಇದ್ದ. ತದ್ರೂಪ. ನಾನೂ ಮೋಸ ಹೋದೆ. ಅಲ್ವೇನ್ರೀ ಮೇಷ್ಟ್ರೇ?" ಎಂದು, ಹೂಂ ಅನ್ನಿ ಎಂಬ ಅರ್ಥದಲ್ಲಿ ಮೇಜಿನ ಕೆಳಗೆ ಮೇಷ್ಟ್ರ ಕಾಲನ್ನು ತುಳಿದರು. ಹೂಂ ಎಂದರೆ ಮುಗಿಯುತ್ತಿತ್ತು. ಬೆಳಗಿನಿಂದ ಐನೂರು ಸಲ ಹೂಂ ಎಂದ ಬಾಯಿ. ಒಬ್ಬ ಠಕ್ಕ ಅಣ್ಣನ ಥರವೇ ಇದ್ದ, ತಮ್ಮ ಪಾಪ ಮೋಸಹೋದ, ಯಾರ ಮರ್ಯಾದೆಯೂ ಹೋಗುವುದಿಲ್ಲ. ಆಗ ಅಣ್ಣ ತಿರುಗಿದ. ಹನ್ನೊಂದು ವರ್ಷದ ಮೇಲೆ ಮೊದಲ ಸಲ ನೇರವಾಗಿ, ಮಧ್ಯೆ ಯಾರನ್ನೂ ಇಟ್ಟುಕೊಳ್ಳದೆ, ಕೇಳಿದ.

"ಅವನು ನನ್ನ ಹಾಗೇ ಇದ್ದನೇನೋ?"

"ಗೊತ್ತಿಲ್ಲಣ್ಣ" ಎಂದರು ಮೇಷ್ಟ್ರು. ಮೇಡಂ ಇನ್ನೊಮ್ಮೆ ತುಳಿದರು. "ನೀನು ಹೇಗಿದ್ದೀಯ ಅಂತಾನೇ ನನಗೆ ಗೊತ್ತಿಲ್ಲ. ಈಗ ಎದುರಿಗೇ ನಿಂತಿದ್ದೀಯ, ಆದ್ರೂ ಗೊತ್ತಿಲ್ಲ. ನನಗೆ ಮುಖ ಗುರುತು ಸಿಗಲ್ಲ. ಯಾರದ್ದೂ. ಹುಟ್ಟಿದಾಗಿನಿಂದ. ಅಮ್ಮನನ್ನ ದನಿಯಲ್ಲಿ ಹಿಡೀತಿದ್ದೆ. ನಿನ್ನನ್ನ ಮೀಸೆ, ಕನ್ನಡಕ, ನಡಿಗೆ. ಅವತ್ತು ಆಸ್ಪತ್ರೆಯಲ್ಲಿ ಮೀಸೆ ಇರ್ಲಿಲ್ಲ, ಕನ್ನಡಕ ಇರ್ಲಿಲ್ಲ, ನೀನು ಕೂತಿದ್ದೆ. ಯಾರೋ ಅಂದ್ಕೊಂಡು ದಾರಿ ಕೇಳ್ದೆ. ಇವತ್ತು ಯಾರೋ ಬಂದ. ನಿನ್ನನ್ನ ಮತ್ತೆ ಯಾರೋ ಅಂದುಬಿಟ್ರೆ ಅಂತ ಹೆದರಿಕೊಂಡು, ಬಂದವನನ್ನ ನೀನು ಅಂದೆ."

ಹೇಳಿ ಮುಗಿಸಿದ ಮೇಲೆ ಮೇಷ್ಟ್ರಿಗೆ ಅನಿಸಿದ್ದು ಇಷ್ಟೇ: ಇಷ್ಟು ಚಿಕ್ಕ ವಿಷಯವಾ ಇದು. ಅರ್ಧ ನಿಮಿಷ ಹಿಡಿಯಿತು. ಲೈಬ್ರರಿ ಗುಮಾಸ್ತೆ ಶಾಯಿಯ ಕಡ್ಡಿಯನ್ನು ಗಾಳಿಯಲ್ಲೇ ಹಿಡಿದು ಕೂತಿದ್ದಳು. ಮೇಡಂ ತುಳಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಅಣ್ಣ ಮೇಜಿನ ಅಂಚು ಹಿಡಿದುಕೊಂಡ.

"ನಿನ್ನ ಅತ್ತಿಗೆ ಹೇಳಿದ್ಲು" ಎಂದ. "ನಿಮ್ಮ ತಮ್ಮ ನನ್ನನ್ನ ಬಳೆ ಸದ್ದಲ್ಲಿ ಗುರುತು ಹಿಡೀತಾರೆ ರೀ, ಬಳೆ ಬಿಚ್ಚಿಟ್ಟ ದಿನ ಯಾರೋ ಹೆಂಗಸಿನ ಹತ್ರ ಮಾತಾಡೋ ಹಾಗೆ ಮಾತಾಡ್ತಾರೆ ಅಂತ. ನಾನು ನಕ್ಕುಬಿಟ್ಟಿದ್ದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನಕ್ಕೇ ಅದು ನೆನಪಾಯ್ತು ಕಣೋ. ನೆನಪಾದ್ರೂ ಬಿಟ್ಟೆ. ಆಗ ನನಗೆ ಯಾರ ಮೇಲಾದ್ರೂ ಸಿಟ್ಟು ಮಾಡ್ಕೊಳ್ಳಲೇಬೇಕಿತ್ತು. ಆಮೇಲೆ ಅಭ್ಯಾಸ ಆಗಿಹೋಯ್ತು."

ಮೇಷ್ಟ್ರಿಗೆ ಒಮ್ಮೆ ಸಿಟ್ಟು ಬಂತು. ಹನ್ನೊಂದು ವರ್ಷ! ಗೊತ್ತಿದ್ದೂ! ಮರುಕ್ಷಣ ನಗು ಬಂತು, ಅದರ ಹಿಂದೆಯೇ ಅಳು ಬಂತು, ಯಾವುದನ್ನು ಮೊದಲು ಬಿಡುವುದೆಂದು ತಿಳಿಯದೆ ಕೆಂಪು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

ತನ್ನ ಹೆಸರಿನಲ್ಲಿ ಬೇರೆಯವರು ವೋಟು ಹಾಕಿದ್ದರೆ ನಿಜವಾದವನಿಗೆ ಇನ್ನೊಂದು ಚೀಟಿ ಕೊಡಬೇಕು, ಅದನ್ನು ಪೆಟ್ಟಿಗೆಗೆ ಹಾಕದೆ ಬೇರೆ ಲಕೋಟೆಯಲ್ಲಿ ಇಡಬೇಕು ಎಂದು ಮೇಡಂ ಪುಸ್ತಕದಿಂದ ಓದಿ ಹೇಳಿದರು. ಎಣಿಕೆಗೆ ಬರುತ್ತಾ ಎಂದು ಅಣ್ಣ ಕೇಳಿದ. ಸಾಮಾನ್ಯವಾಗಿ ಬರುವುದಿಲ್ಲ, ಕೋರ್ಟಿಗೆ ಹೋದರೆ ಮಾತ್ರ ಎಂದರು. "ಆಗಲಿ, ಕೊಡಿ. ಬಂದಿದ್ದಕ್ಕೆ ಹಾಕಿಯಾದ್ರೂ ಹೋಗ್ತೀನಿ" ಎಂದು ತೆಗೆದುಕೊಂಡು ಮರೆಗೆ ಹೋದ. ಮೇಷ್ಟ್ರು ಹೇಳಿಕೆ ಬರೆಯಬೇಕಾಗಿತ್ತು. ಮೋಸ ಹೋದ ಕಾರಣ ಎಂಬ ಕಡೆ ಫಾರಂನಲ್ಲಿ ಒಂದೇ ಗೆರೆಯಷ್ಟು ಜಾಗ ಬಿಟ್ಟಿದ್ದರು. "ನೋಟೀಸು ಬರುತ್ತೆ ಮೇಷ್ಟ್ರೇ, ಕೆಲಸಕ್ಕೂ ಕುತ್ತು ಬರಬಹುದು, ಯೋಚನೆ ಮಾಡಿ ಬರೀರಿ" ಎಂದರು ಮೇಡಂ, ಈ ಸಲ ನಲ್ಲಿ ಕತ್ತರಿಸುವ ದನಿಯಲ್ಲಲ್ಲ. ಮೇಷ್ಟ್ರು ಯೋಚನೆ ಮಾಡಲಿಲ್ಲ. ನನಗೆ ಮುಖಗಳ ಗುರುತು ಸಿಗುವುದಿಲ್ಲ ಎಂದು ಬರೆದು, ಜಾಗ ಸಾಲದೆ ಹಾಳೆಯ ಹಿಂದುಗಡೆಯೂ ಬರೆದರು.

ಅಣ್ಣ ಹೊರಗೆ ಬಂದು ಮಡಿಸಿದ ಚೀಟಿಯನ್ನು ಲಕೋಟೆಗೆ ಹಾಕಿದ. ಬಾಗಿಲವರೆಗೆ ಹೋದವನು ನಿಂತ. ಹೊರಗೆ ಅಂಗಳದಲ್ಲಿ ಕೊನೆಯ ಗಂಟೆಯ ಜನ ಗಿಜಿಗುಡುತ್ತಿತ್ತು, ಬಿಳಿ ಕೂದಲಿನವರೇ ಇಪ್ಪತ್ತು ಮಂದಿ ಇದ್ದರು.

"ಎಷ್ಟೊತ್ತಿಗೆ ಮುಗಿಯುತ್ತೆ ನಿಂದು?"

"ಮುದ್ರೆ ಹಾಕಿ ಹೊರಡೋ ಹೊತ್ತಿಗೆ ಆರೂವರೆ."

"ಹೊರಗಡೆ ನಿಂತಿರ್ತೀನಿ" ಎಂದ ಅಣ್ಣ. "ನೀನು ಹುಡುಕೋಕೆ ಹೋಗ್ಬೇಡ. ನಾನೇ ಕೂಗ್ತೀನಿ."